ಉಪ್ಪುನೀರಿನ ಗುಂಡಿ

ನನ್ನ ತಂಗಿಯ ಮಗಳು ಸುಮ ಹೆಗ್ಗಡದೇವನಕೋಟೆ ಕಡೆಯ ಒಂದು ನೀರು ಶುದ್ಧೀಕರಣ ಘಟಕದಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಸೇರಿದ ವಾರಕ್ಕೇ ಫೋನು ಮಾಡಿ, "ಮಾವ, ಇಲ್ಲಿ ರೆಸಿನ್ ಅಂತ ಹಳದಿ ಕಾಳು ತುಂಬಿದ ದೊಡ್ಡ ಸಿಲಿಂಡರ್ ತೋರ್ಸಿ, ಇನ್ಮೇಲೆ ಇದು ನಿಂದೇ ಅಂದವ್ರೆ. ನೀವು ಅದ್ರಲ್ಲೇ ತಲೆ ಹಣ್ಣು ಮಾಡ್ಕೊಂಡವ್ರು, ಏನೇನು ನೋಡ್ಕೋಬೇಕು ಒಸಿ ಹೇಳಿ" ಎಂದಳು. ಫೋನಿನಲ್ಲಿ ಹೇಳುವಷ್ಟನ್ನು ಹೇಳಿದೆ. ಎಷ್ಟು ಹೊತ್ತು ತೊಳೆಯಬೇಕು, ಉಪ್ಪು ಎಷ್ಟು ಹಾಕಬೇಕು, ಪರೀಕ್ಷೆಯ ಬಣ್ಣವನ್ನು ಎಂಥ ಬೆಳಕಿನಲ್ಲಿ ನೋಡಬೇಕು, ಇಷ್ಟೇ. ಫೋನು ಇಟ್ಟ ಮೇಲೆ, ಹೇಳಲೇಬೇಕಾದದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಅದಕ್ಕೇ ಬರೆಯಲು ಕೂತಿದ್ದೇನೆ.

ವಯನಾಡಿನಲ್ಲಿ ಹುಟ್ಟಿ ಬೆಳೆದ ಕನ್ನಡದವನು ನಾನು. ಅಜ್ಜ ಅದೇ ಹೆಗ್ಗಡದೇವನಕೋಟೆ ಕಡೆಯಿಂದ ಗಡಿಯೂರು ಬಾವಲಿಗೆ ಬಂದು ಹೊಗೆಸೊಪ್ಪಿನ ಅಂಗಡಿ ಇಟ್ಟವರು. ಮನೆಯಲ್ಲಿ ಕನ್ನಡ, ಶಾಲೆ ಕಛೇರಿಗಳಲ್ಲಿ ಮಲಯಾಳ. ನೀರು ಸರಬರಾಜು ಇಲಾಖೆಯಲ್ಲಿ ಬರೆದ ವರದಿಗಳೆಲ್ಲ ಮಲಯಾಳದಲ್ಲೇ. ಸುಮಳಿಗೆ ಮಲಯಾಳ ಓದಲು ಬರುವುದಿಲ್ಲವಾದ್ದರಿಂದ ಇದು ಕನ್ನಡದಲ್ಲಿದೆ, ಕಾಗುಣಿತ ತಪ್ಪಿದ್ದರೆ ಅವಳೇ ತಿದ್ದಿಕೊಳ್ಳಲಿ. ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದು ಇದರಲ್ಲಿಲ್ಲ. ಜನರ ಹೆಸರುಗಳನ್ನು ಬದಲಿಸಿದ್ದೇನೆ.

ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ನೀರು ತಿಳಿ ಮಾಡುವುದೆಂದರೆ ಆಲಂ, ಅಂದರೆ ಪಟಿಕ. ಮಳೆಗಾಲದಲ್ಲಿ ಹೊಳೆಯಿಂದ ಪಂಪಾಗಿ ಬರುವ ಕೆಂಪು ನೀರಿಗೆ ಪಟಿಕ ಕಲಸಿ ಬಿಟ್ಟರೆ ಮಣ್ಣು ಗಸಿಯಾಗಿ ತಳಕ್ಕಿಳಿಯುತ್ತಿತ್ತು. ಎಷ್ಟು ಪಟಿಕ ಎಂದು ನಿರ್ಧರಿಸುತ್ತಿದ್ದವರು ಪಯ್ಯಂಪಳ್ಳಿಯ ಮತ್ತಾಯಿ ಚೇಟ್ಟ, ಅಂದರೆ ಮತ್ತಾಯಿ ಅಣ್ಣ, ನಮ್ಮ ಘಟಕದ ಹಿರಿಯ ಆಪರೇಟರ್. ಗಾಜಿನ ಜಾಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, "ಇನ್ನರ್ಧ ಬಕೆಟ್" ಎನ್ನುತ್ತಿದ್ದರು. ಆಮೇಲೆ ಪ್ರಯೋಗಾಲಯದಿಂದ ಬರುವ ಲೆಕ್ಕವೂ ಅಷ್ಟೇ ಇರುತ್ತಿತ್ತು.

ಪಾಲಿಮರ್ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಅಲ್ಲಿಯೇ. ಒಂದು ಮಳೆಗಾಲದ ಮುಂಚೆ ಸಕ್ಕರೆಯಂಥ ಬಿಳಿ ಪುಡಿಯ ಚೀಲಗಳು ಬಂದವು. ಪಟಿಕದ ಜೊತೆ ಇದನ್ನು ಚಿಟಿಕೆಯಷ್ಟು ಸೇರಿಸಿದರೆ ಸಣ್ಣ ಸಣ್ಣ ಗಸಿಯೆಲ್ಲ ಒಂದಕ್ಕೊಂದು ಅಂಟಿ ಬೇಗ ಕೆಳಗಿಳಿಯುತ್ತದೆ ಎಂದು ಹೇಳಿಕೊಟ್ಟರು. ಪುಡಿಯನ್ನು ನೀರು ಕಲಕುತ್ತಾ ನಿಧಾನಕ್ಕೆ ಉದುರಿಸಬೇಕು, ಅದು ನೆನೆದು ಉಬ್ಬುವ ತನಕ ಕಾಯಬೇಕು. ನನಗೆಲ್ಲಿತ್ತು ಆ ತಾಳ್ಮೆ? ಚೇಟ್ಟ ಊಟಕ್ಕೆ ಹೋದಾಗ ಅರ್ಧ ಚೀಲವನ್ನು ಒಂದೇ ಸಲ ಸುರಿದೆ. ಗಂಟು ಕಟ್ಟಿದ ರಾಗಿ ಅಂಬಲಿಯಂತೆ ಹೊರಗೆ ಲೋಳೆ, ಒಳಗೆ ಒಣ ಪುಡಿ. ಅದನ್ನು ಮುಚ್ಚಿಡಲು ಇನ್ನಷ್ಟು ನೀರು ಬಿಟ್ಟೆ. ಲೋಳೆ ತೊಟ್ಟಿ ದಾಟಿ ನೆಲಕ್ಕೆ ಬಂತು, ಶೋಧಕದ ಮರಳಿಗೆ ಇಳಿಯಿತು, ಮರಳು ಕಟ್ಟಿಕೊಂಡಿತು. ಊಟ ಮುಗಿಸಿ ಬಂದ ಚೇಟ್ಟ ಆ ನೆಲದ ಮೇಲೆ ಜಾರಿ ಬಿದ್ದು ಮುಂಗೈ ಮುರಿದುಕೊಂಡರು. ಮರಳನ್ನೆಲ್ಲ ತೆಗೆದು ತೊಳೆದು ತುಂಬುವ ತನಕ ಪಟ್ಟಣದ ನಲ್ಲಿಗಳಲ್ಲಿ ಗಾಳಿ ಬಂತು.

ವಿಚಾರಣೆಗೆ ಬಂದ ಅಧಿಕಾರಿಯ ಮುಂದೆ ಚೇಟ್ಟ ಕೈಗೆ ಕಟ್ಟಿದ ಬಟ್ಟೆಯನ್ನು ಸರಿಮಾಡಿಕೊಳ್ಳುತ್ತಾ, "ಹುಡುಗನಿಗೆ ಕಲಿಸದೆ ಪುಡಿಯ ಹತ್ತಿರ ಬಿಟ್ಟವನು ನಾನು, ನನ್ನ ಹೆಸರೇ ಬರೀರಿ" ಎಂದರು. ಅವರ ಹೆಸರೇ ಬರೆದರು. ಅಂದು ಅವರು ನನಗೆ ಬೈದದ್ದು ಒಂದೇ ಮಾತು. "ಎಡಾ ಮೋನೇ, ಲೋ ಮಗನೇ, ನೀರಿಗೆ ಏನು ಹಾಕಿದೆ ಅಂತ ಮಾತ್ರ ಬರೆದಿಟ್ಟರೆ ಸಾಲದು, ಹಾಕಿದ್ದು ಕೊನೆಗೆ ಎಲ್ಲಿಗೆ ಹೋಯಿತು ಅಂತಲೂ ಬರೆದಿಡು." ನಾನು ತಲೆಯಾಡಿಸಿದೆ. ಆ ವಯಸ್ಸಿನಲ್ಲಿ ಎಲ್ಲದಕ್ಕೂ ತಲೆಯಾಡಿಸುತ್ತಿದ್ದೆ.

ವರ್ಷಗಳು ಹೋದವು. ಚೇಟ್ಟ ತೀರಿಕೊಂಡರು. ಜಾಡಿಯನ್ನು ಬೆಳಕಿಗೆ ಹಿಡಿಯುವ ಬದಲು ಮೀಟರು ಬಂತು, ಮೀಟರು ನೋಡಲು ಮೊಬೈಲು ಬಂತು. ನನ್ನ ಕೊನೆಯ ವರ್ಷಗಳಲ್ಲಿ ಇಲಾಖೆ ನನ್ನನ್ನು ಹಳ್ಳಿಗಳ ಸಣ್ಣ ಘಟಕಗಳ ಉಸ್ತುವಾರಿಗೆ ಹಾಕಿತು. ಆಗಲೇ ಚೇಕಾಡಿಯ ಕಡೆ, ಕಾಡಿನ ಅಂಚಿನ ಒಂದು ಹಾಡಿಯ ನೀರಿನ ಸಮಸ್ಯೆ ನನ್ನ ಮೇಜಿಗೆ ಬಂದದ್ದು.

ಕಾಟ್ಟುನಾಯ್ಕರೆಂಬ ಬುಡಕಟ್ಟು ಜನರ ಹಾಡಿ ಅದು. ಅವರ ಮಾತು ನಮ್ಮ ಕನ್ನಡಕ್ಕೆ ಹತ್ತಿರ, ಹಾಗಾಗಿ ಅಲ್ಲಿಗೆ ಹೋಗಲು ಕಛೇರಿಯವರಿಗೆ ನಾನೇ ಬೇಕಾಗುತ್ತಿದ್ದೆ. ಹಾಡಿಗೆ ಒಂದೇ ಬಾವಿ. ಬಾವಿಯ ಮೇಲ್ಗಡೆ, ಹಿಂದೆ ಗದ್ದೆಯಾಗಿದ್ದ ಜಾಗದಲ್ಲಿ ಬೇರೆಯವರು ಬಾಳೆ, ಶುಂಠಿ ಹಾಕಿದ್ದರು. ಅಲ್ಲಿಗೆ ಸುರಿದ ಗೊಬ್ಬರ ಮಳೆಯ ಜೊತೆ ಇಳಿದಿಳಿದು ಬಾವಿಗೆ ಬರುತ್ತಿತ್ತು. ಆ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕುಡಿದರೆ ಸಿಹಿ. ಆದರೆ ಅದರಲ್ಲಿ ನೈಟ್ರೇಟ್ ವಿಪರೀತವಿತ್ತು. ದೊಡ್ಡವರಿಗೆ ತಕ್ಷಣಕ್ಕೆ ಏನೂ ಆಗುವುದಿಲ್ಲ. ಎಳೆಗೂಸಿನ ಹೊಟ್ಟೆಗೆ ಹೋದರೆ ರಕ್ತ ಉಸಿರನ್ನು ಹೊರಲಾರದೆ ಹೋಗುತ್ತದೆ, ತುಟಿ ಉಗುರು ನೀಲಿಯಾಗುತ್ತವೆ. ಆ ಹಾಡಿಯಲ್ಲಿ ಎರಡು ಕೂಸುಗಳಿಗೆ ಹಾಗಾಗಿ, ಎರಡನ್ನೂ ಆಸ್ಪತ್ರೆಯಲ್ಲಿ ಹೇಗೋ ಉಳಿಸಿಕೊಂಡಿದ್ದರು.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ, ಸುಮ, ಇದನ್ನು ಮರೆಯಬೇಡ. ನಮ್ಮ ಕೇರಳದಲ್ಲಿ ನೀರನ್ನು ಕಾಯಿಸದೆ ಕುಡಿಯುವುದೆಂದರೆ ಸ್ನಾನ ಮಾಡದೆ ಊಟಕ್ಕೆ ಕೂತಂತೆ. ಅಂಗನವಾಡಿಯ ಗೋಡೆಯ ಮೇಲೂ ಅದನ್ನೇ ಬರೆದಿರುತ್ತಾರೆ. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ನಿಜ. ನೈಟ್ರೇಟ್ ಸಾಯುವಂಥದ್ದಲ್ಲ. ನೀರು ಆವಿಯಾಗಿ ಹೋಗುತ್ತದೆ, ಅದು ಪಾತ್ರೆಯಲ್ಲೇ ಉಳಿಯುತ್ತದೆ. ಎರಡು ಲೋಟ ಒಂದು ಲೋಟವಾಗುವಷ್ಟು ಕುದಿಸಿದರೆ ಲೋಟಕ್ಕೆ ಎರಡರಷ್ಟು ವಿಷ. ಇದು ನನಗೆ ಗೊತ್ತಿತ್ತು. ಹಾಡಿಯವರಿಗೆ ಬಿಡಿಸಿ ಹೇಳಲಿಲ್ಲ. ಹೇಗಿದ್ದರೂ ಒಳ್ಳೆಯ ನೀರಿನ ನಲ್ಲಿ ಬರುತ್ತಿದೆಯಲ್ಲ, ಸುಮ್ಮನೆ ಯಾಕೆ ಗೊಂದಲ ಎಂದುಕೊಂಡೆ.

ಬಂದದ್ದು ರೆಸಿನ್ ಘಟಕ. ಸಾಸಿವೆಗಿಂತ ಸಣ್ಣ, ಜೇನು ಬಣ್ಣದ ಪಾಲಿಮರ್ ಕಾಳುಗಳನ್ನು ಆಳೆತ್ತರದ ಸಿಲಿಂಡರಿನಲ್ಲಿ ತುಂಬಿರುತ್ತಾರೆ. ಬಾವಿಯ ನೀರು ಅವುಗಳ ನಡುವೆ ಇಳಿದು ಹೋಗುವಾಗ ಕಾಳುಗಳು ನೈಟ್ರೇಟನ್ನು ಹಿಡಿದಿಟ್ಟುಕೊಂಡು, ತಮ್ಮಲ್ಲಿರುವ ಉಪ್ಪಿನ ಅಂಶವನ್ನು ನೀರಿಗೆ ಬಿಟ್ಟುಕೊಡುತ್ತವೆ. ಕಾಳುಗಳೆಲ್ಲ ತುಂಬಿಹೋದಾಗ ಗಟ್ಟಿ ಉಪ್ಪುನೀರು ಬಿಟ್ಟು ತೊಳೆಯಬೇಕು. ಆಗ ಹಿಡಿದಿದ್ದ ನೈಟ್ರೇಟೆಲ್ಲ ಉಪ್ಪುನೀರಿಗೆ ಬಂದು, ಕಾಳು ಮತ್ತೆ ಕೆಲಸಕ್ಕೆ ಸಿದ್ಧವಾಗುತ್ತದೆ. ರೆಸಿನ್ ಯಾವ ವಿಷವನ್ನೂ ಕೊಲ್ಲುವುದಿಲ್ಲ. ಸಾವಿರಾರು ಕೊಡದಲ್ಲಿ ಹರಡಿಕೊಂಡಿದ್ದದ್ದನ್ನು ತಂದು ಕೆಲವು ಬಕೆಟ್ಟು ಉಪ್ಪುನೀರಿಗೆ ಸೇರಿಸುತ್ತದೆ, ಅಷ್ಟೇ.

ಆ ಬಕೆಟ್ಟುಗಳನ್ನು ಏನು ಮಾಡಬೇಕು? ಘಟಕದ ಜೊತೆ ಬಂದ ಪುಸ್ತಕದಲ್ಲಿ ಚರಂಡಿಗೆ ಬಿಡಿ ಎಂದಿತ್ತು. ಯಾವುದೋ ನಗರದಲ್ಲಿ ಕೂತು ಬರೆದದ್ದು. ಹಾಡಿಯಲ್ಲಿ ಚರಂಡಿ ಎಲ್ಲಿಂದ ಬರಬೇಕು? ಘಟಕದ ಹಿಂದೆ ಗುಂಡಿ ತೋಡಿಸಿ, ಒಳಗೆ ಸಿಮೆಂಟು ಬಳಿಸಿದೆ. ತುಂಬಿದಾಗ ಟ್ಯಾಂಕರಿನಲ್ಲಿ ಸಾಗಿಸುವುದೆಂದು ಆಗಿತ್ತು. ಗುಂಡಿಗೆ ಕಬ್ಬಿಣದ ಮುಚ್ಚಳ ಬರಬೇಕಿತ್ತು, ಬರಲಿಲ್ಲ. ಅಷ್ಟರಲ್ಲಿ ಉದ್ಘಾಟನೆಯ ದಿನ ಗೊತ್ತಾಯಿತು. ನಮ್ಮ ಎಂಜಿನಿಯರ್ ಸಾರ್ ಫೋನು ಮಾಡಿ, "ಎಡೋ, ಮುಚ್ಚಳ ಆಮೇಲೆ ಹಾಕೋಣ, ಗುಂಡಿ ಹಿಂದುಗಡೆ ತಾನೆ ಇರುವುದು, ಯಾರು ನೋಡುತ್ತಾರೆ?" ಎಂದರು. ಘಟಕ ಸಿದ್ಧ ಎಂದು ರುಜು ಹಾಕಿಕೊಟ್ಟವನು ನಾನು.

ಆಪರೇಟರ್ ಆಗಿ ಅದೇ ಹಾಡಿಯ ಕೆಂಚಿಯನ್ನು ತೆಗೆದುಕೊಂಡೆವು. ಹತ್ತನೇ ಕ್ಲಾಸು ಮುಗಿಸಿದ್ದ, ಮೂವತ್ತೈದರ ಆಸುಪಾಸಿನ ಹೆಂಗಸು. ತಾಯಿ ಕಾಳಿ, ತಂಗಿ ರಾಧೆ, ಎರಡು ಹಸು, ಇದು ಅವಳ ಸಂಸಾರ. ನಾನು ಕಲಿಸಿದವರಲ್ಲಿ ಅವಳಷ್ಟು ಅಚ್ಚುಕಟ್ಟಿನವರು ಇನ್ನೊಬ್ಬರಿಲ್ಲ. ಗಾಜಿನ ಕೊಳವೆಯ ನೀರಿಗೆ ಪುಡಿ ಹಾಕಿ ಅಲುಗಾಡಿಸಿದರೆ ನೈಟ್ರೇಟ್ ಇದ್ದಷ್ಟೂ ಗುಲಾಬಿ ಬಣ್ಣ ಗಾಢವಾಗುತ್ತದೆ. ಆ ಬಣ್ಣವನ್ನು ಅವಳು ಪ್ರತಿ ಬೆಳಿಗ್ಗೆ ನೋಡಿ, ಪುಸ್ತಕದಲ್ಲಿ ಬರೆಯುತ್ತಿದ್ದಳು. ಬಣ್ಣ ಸ್ವಲ್ಪ ಏರಿದರೂ ಸಾಕು, ನಾನು ಹೇಳುವುದಕ್ಕೆ ಮುಂಚೆಯೇ ಕಾಳು ತೊಳೆದುಬಿಟ್ಟಿರುತ್ತಿದ್ದಳು. ನಲ್ಲಿಯ ನೀರಿನಲ್ಲಿ ಒಂದು ದಿನವೂ ಹೆಚ್ಚು ಕಡಿಮೆಯಾಗಲಿಲ್ಲ. ಆ ವರ್ಷ ಹಾಡಿಯಲ್ಲಿ ಹುಟ್ಟಿದ ಕೂಸುಗಳೆಲ್ಲ ಕೆಂಪಗೆ ಗುಂಡುಗುಂಡಾಗಿ ಬೆಳೆದವು. "ನೋಡಿ ಸಾರೆ, ನಮ್ಮ ರೆಸಿನ್ ಮಕ್ಕಳು" ಎಂದು ಕೆಂಚಿ ನಗುತ್ತಿದ್ದಳು.

ಗುಂಡಿಯ ವಿಷಯ ಮೊದಲು ಎತ್ತಿದ್ದೂ ಅವಳೇ. "ಸಾರೆ, ಇದಕ್ಕೆ ಮುಚ್ಚಳ ಯಾವಾಗ ಬತ್ತದೆ? ಉಪ್ಪಿನ ವಾಸನೆಗೆ ದನ ಬಂದು ಸುತ್ತಾಡ್ತವೆ."

"ಬರ್ತದೆ ಕಣಮ್ಮ, ಬರೆದು ಹಾಕಿದೀನಿ."

"ಬೇಲಿನಾರ ಹಾಕ್ಲಾ?"

"ಹಾಕು."

ಮುಳ್ಳಿನ ಬೇಲಿ ಹಾಕಿದಳು. ಆ ಕಡೆಯ ದನಗಳಿಗೆ ಉಪ್ಪೆಂದರೆ ಏನೆಂದು ನನಗೆ ಗೊತ್ತಿರಲಿಲ್ಲವೆಂದು ಯಾರೂ ತಿಳಿಯಬಾರದು. ಬಾವಲಿಯಲ್ಲಿ ನಮ್ಮವ್ವ ಪ್ರತಿ ಸಂಜೆ ಕಲ್ಲಿನ ಮೇಲೆ ಹಿಡಿ ಉಪ್ಪು ಇಡುತ್ತಿದ್ದಳು. ಕಾಡಿನಲ್ಲಿ ಮೇಯುವ ದನ ಹೊತ್ತಿಗೆ ಸರಿಯಾಗಿ ಮನೆಗೆ ಬರಲಿ ಎಂದು ಕಾಡಂಚಿನವರು ಇಡುವ ಆಸೆ ಅದು. ಹಾಡಿಯವರೂ ಹಾಗೇ ಸಾಕಿದವರು. ಉಪ್ಪು ಇಟ್ಟ ಜಾಗಕ್ಕೆ ದನ ಬರುತ್ತದೆ ಎನ್ನುವುದು ನಾನು ನಡೆಯಲು ಕಲಿಯುವ ಮುಂಚೆಯೇ ಕಲಿತ ವಿದ್ಯೆ. ಕಛೇರಿಯ ಅಂಗಿ ಹಾಕಿಕೊಂಡ ಮೇಲೆ ನನ್ನ ತಲೆಯಲ್ಲಿ ಉಳಿದದ್ದು ಪುಸ್ತಕದ ಉಪ್ಪು ಮಾತ್ರ, ದನದ ಉಪ್ಪು ಮರೆತೇ ಹೋಗಿತ್ತು.

ಬೇಸಿಗೆ ಬಂತು. ಗುಂಡಿಯ ನೀರು ಬತ್ತಿ ಬತ್ತಿ ಗಟ್ಟಿಯಾಗಿ, ಅಂಚಿನಲ್ಲಿ ಬಿಳಿ ಪೊರೆ ಕಟ್ಟಿತ್ತು. ಟ್ಯಾಂಕರು ಒಂದು ಸಲ ಬಂದದ್ದು ಮತ್ತೆ ಬರಲಿಲ್ಲ. ಒಂದು ಬೆಳಿಗ್ಗೆ ಕೆಂಚಿ ಫೋನು ಮಾಡಿ, ಆನೆ ಬಂದು ಬೇಲಿಯನ್ನು ಕಿತ್ತು ಹಾಕಿದೆ ಎಂದಳು. ಆನೆಗೂ ಉಪ್ಪು ಬೇಕಲ್ಲ. ನಾನು ಬೇರೊಂದು ಘಟಕದಲ್ಲಿದ್ದೆ. "ಇವತ್ತೇ ಬೇಲಿ ಕಟ್ಸು, ನಾಳೆ ಬಂದು ನೋಡ್ತೀನಿ" ಎಂದೆ. ಅವಳು ಮುಳ್ಳು ಕಡಿಯಲು ಹೋಗಿದ್ದಾಗಲೇ, ಮೇಯಲು ಬಿಟ್ಟಿದ್ದ ದನಗಳು ತಿರುಗಿ ಬಂದು ಗುಂಡಿಗೆ ಬಾಯಿ ಹಾಕಿದವು.

ಮತ್ತೆ ಫೋನು ಬಂದು ನಾನು ಅಂದೇ ಮಧ್ಯಾಹ್ನ ತಲುಪುವ ಹೊತ್ತಿಗೆ ಐದು ಹಸುಗಳು ನೆಲದ ಮೇಲಿದ್ದವು. ಅದರಲ್ಲಿ ಎರಡು ಕಾಳಿಯವು. ಒಂದು ಇನ್ನೂ ಕಾಲು ಝಾಡಿಸುತ್ತಿತ್ತು, ಬಾಯಿ ತೆರೆದು ಗಾಳಿ ಎಳೆಯುತ್ತಿತ್ತು. ಕಾಳಿ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಪುಲ್ಪಳ್ಳಿ ಕಡೆಯಿಂದ ಬಂದ ಪಶುವೈದ್ಯೆ ಸತ್ತ ಹಸುವಿನ ರಕ್ತವನ್ನು ಸಿರಿಂಜಿನಲ್ಲಿ ಎಳೆದು ನನಗೆ ತೋರಿಸಿದರು. ಕೆಂಪಿರಲಿಲ್ಲ, ಕಾಫಿಯ ಕಷಾಯದಂತೆ ಕಂದಾಗಿತ್ತು. "ಇದು ನೈಟ್ರೇಟ್. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಇನ್ನೂ ಬೇಗ ವಿಷವಾಗುತ್ತದೆ. ಆ ಗುಂಡಿಯಲ್ಲಿ ಏನಿದೆ ಸಾರ್?" ಎಂದು ಕೇಳಿದರು. ಏನಿದೆಯೆಂದು ಹೇಳಿದೆ. ಅವರು ಗುಂಡಿಯನ್ನೂ ನನ್ನನ್ನೂ ಒಮ್ಮೆ ನೋಡಿ ಕೈಚೀಲ ಮುಚ್ಚಿದರು.

ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂದು ಗಾದೆ. ಇಲ್ಲಿ ಉಪ್ಪನ್ನು ತೆರೆದಿಟ್ಟವನು ನಾನು, ಕುಡಿದು ಸತ್ತದ್ದು ಮೂಕಪ್ರಾಣಿಗಳು.

ಮಾರನೆಯ ದಿನ ಎಂಜಿನಿಯರ್ ಸಾರ್ ಕೋಣೆಗೆ ಕರೆದರು. ಕೆಟ್ಟ ಮನುಷ್ಯರೇನಲ್ಲ, ನನ್ನ ಹೆಂಡತಿಯ ಆಪರೇಷನ್ನಿಗೆ ರಕ್ತ ಕೊಟ್ಟವರು. "ದನವಾಯಿತು, ಸರಿ. ಆನೆ ಸತ್ತಿದ್ದರೆ ಏನಾಗುತ್ತಿತ್ತು ಗೊತ್ತೇನೋ? ಅರಣ್ಯದವರು ನನ್ನನ್ನೂ ನಿನ್ನನ್ನೂ ಒಳಗೆ ಹಾಕುತ್ತಿದ್ದರು" ಎಂದರು. ಆಮೇಲೆ ವರದಿಯ ಕರಡನ್ನು ಮುಂದಿಟ್ಟರು. ಕೋಲು ಮುರಿಯದೆ ಹಾವು ಸಾಯಬೇಕಲ್ಲ, ಹಾಗೆ ಬರೆದಿದ್ದರು. ಮುಚ್ಚಳದ ಮಾತೇ ಇರಲಿಲ್ಲ. ಆಪರೇಟರ್ ಕೆಂಚಿಯ ನಿರ್ಲಕ್ಷ್ಯದಿಂದ ಘಟನೆ ನಡೆದಿದೆ, ಅವಳನ್ನು ಕೆಲಸದಿಂದ ತೆಗೆಯಲಾಗಿದೆ ಎಂದು ನಾಲ್ಕೇ ಸಾಲು.

"ಸಾರ್, ಆ ಹೆಂಗಸು ಎರಡು ಸಲ ಎಚ್ಚರಿಕೆ ಕೊಟ್ಟಿದ್ದಳು" ಎಂದೆ.

"ಬರೆದು ಕೊಟ್ಟಿದ್ದಾಳಾ?"

"ಬಾಯಲ್ಲಿ ಹೇಳಿದ್ದು."

"ಎಡೋ, ನಿನಗೆ ಉಳಿದಿರುವುದು ಎರಡು ತಿಂಗಳು. ಮನೆಗೆ ನೆಟ್ಟಗೆ ಹೋಗಬೇಕೋ ಬೇಡವೋ?"

ಮುಂಗೈ ಮುರಿದುಕೊಂಡು, ನನ್ನ ಹೆಸರೇ ಬರೀರಿ ಎಂದ ಮತ್ತಾಯಿ ಚೇಟ್ಟ ಆ ಹೊತ್ತಿನಲ್ಲಿ ನೆನಪಾದರು. ನೆನಪಾದರೂ ರುಜು ಹಾಕಿದೆ. ಹೆದರಿಕೆಯಿಂದ ಹಾಕಿದೆ, ಬೇರೆ ಕಾರಣವಿಲ್ಲ. ಸುಮ, ಮೇಲಿನವರು ಬಲವಂತ ಮಾಡಿದರು ಎಂದು ಹೇಳುವವರನ್ನು ನೀನು ಬೇಕಾದಷ್ಟು ನೋಡುತ್ತೀಯ. ಪೆನ್ನು ಮಾತ್ರ ನನ್ನ ಕೈಯಲ್ಲೇ ಇತ್ತು.

ಕೆಂಚಿಗೆ ಹೋದ ಕಾಗದದಲ್ಲಿ ನಿರ್ಲಕ್ಷ್ಯ ಎಂದಿತ್ತೇ ಹೊರತು ಏನು ನಿರ್ಲಕ್ಷ್ಯ ಎಂದಿರಲಿಲ್ಲ. ಅವಳ ಜಾಗಕ್ಕೆ ಹೊರಗಿನಿಂದ ಒಬ್ಬ ಆಪರೇಟರನ್ನು ಹಾಕಿದರು. ಗುಂಡಿಯನ್ನು ಬರಿದು ಮಾಡಿಸಿ, ಮಣ್ಣು ಮುಚ್ಚಿ, ಉಪ್ಪುನೀರಿಗೆ ಪ್ಲಾಸ್ಟಿಕ್ ಟಾಂಕಿ ತಂದಿಟ್ಟರು. ಐದು ದನ ಸಾಯುವ ತನಕ ಬಾರದ್ದು ಐದೇ ದಿನದಲ್ಲಿ ಬಂತು. ನಲ್ಲಿಯಲ್ಲಿ ನೀರು ಮೊದಲಿನಂತೆಯೇ ಚೆನ್ನಾಗಿ ಬರುತ್ತಿತ್ತು. ಆದರೆ ಹಾಡಿಯವರು ಕೊಡ ತರಲಿಲ್ಲ.

ಅವರನ್ನು ಒಪ್ಪಿಸಿ ಬರಲು ಕಛೇರಿ ನನ್ನನ್ನೇ ಕಳಿಸಿತು. ನಲ್ಲಿಯ ಹತ್ತಿರದ ಚಪ್ಪರದಲ್ಲಿ ಎಲ್ಲರೂ ಸೇರಿದ್ದರು. ಕೆಂಚಿ ಒಂದು ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಪಕ್ಕದಲ್ಲಿ ತಂಗಿ ರಾಧೆ, ಏಳು ತಿಂಗಳ ಬಸುರಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ನಾನು ನಲ್ಲಿ ತಿರುಗಿಸಿ, ಒಂದು ಲೋಟ ತುಂಬಿ ಎಲ್ಲರ ಮುಂದೆ ಗಟಗಟ ಕುಡಿದೆ. "ನೋಡಿ, ನೀರಲ್ಲಿ ಏನೂ ಇಲ್ಲ. ಕುಳಪ್ಪ, ತೊಂದರೆ ಏನೂ ಇಲ್ಲ. ಧೈರ್ಯವಾಗಿ ಕುಡೀರಿ."

ಕಾಳಿ ಎದ್ದು ನಿಂತಳು. "ನೀರಲ್ಲಿ ಏನೂ ಇಲ್ಲಾಂದ್ರೆ ನನ್ನ ದನ ಯಾಕೆ ಸತ್ತೊ ಸಾರೆ?"

ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ನಲ್ಲಿಯ ನೀರು ಬೇರೆ, ಗುಂಡಿಯ ನೀರು ಬೇರೆ. ನಿಮ್ಮ ಬಾವಿಯ ವಿಷವನ್ನೆಲ್ಲ ತೆಗೆದು ಆ ಗುಂಡಿಗೆ ಹಾಕಿದ್ದೆವು. ಮುಚ್ಚಬೇಕಾದ ನಾನು ಮುಚ್ಚಲಿಲ್ಲ. ಕೆಂಚಿಯದು ಒಂದು ಕೂದಲಷ್ಟೂ ತಪ್ಪಿಲ್ಲ. ಇಷ್ಟು ಹೇಳಿದ್ದರೆ ಅರ್ಥವಾಗದ ಜನವಲ್ಲ ಅವರು. ಹೇಳಿದರೆ ನನ್ನ ರುಜುವಿನ ಗತಿ ಏನು?

"ಅದರ ತನಿಖೆ ನಡೀತಾ ಇದೆ" ಎಂದೆ.

ಕಾಳಿ ಹೊರಟು ನಡೆದಳು. ಒಬ್ಬೊಬ್ಬರಾಗಿ ಎದ್ದು ಹೋದರು. ಐದು ದನ ಸತ್ತ ಮೇಲೆ, ಯಾಕೆ ಸತ್ತವು ಎಂದು ಹೇಳದ ಮನುಷ್ಯ ಕೊಟ್ಟ ನೀರನ್ನು ಯಾರಾದರೂ ಕುಡಿಯುತ್ತಾರೆಯೇ? ಅವರ ಜಾಗದಲ್ಲಿ ನಾನಿದ್ದರೂ ಕುಡಿಯುತ್ತಿರಲಿಲ್ಲ. ಕಛೇರಿಗೆ ಬಂದು, ಜನರಿಗೆ ತಿಳುವಳಿಕೆ ನೀಡಲಾಗಿದೆ ಎಂದು ಬರೆದೆ.

ಮೇ ಕೊನೆಗೆ ನಿವೃತ್ತನಾದೆ. ಬೀಳ್ಕೊಡುಗೆಯಲ್ಲಿ ಲಡ್ಡು, ಬಾಳೆಕಾಯಿ ಚಿಪ್ಸು, ಭಾಷಣ. ಕಪ್ಪು ಚುಕ್ಕೆಯಿಲ್ಲದ ಸೇವೆ ಎಂದರು ಎಂಜಿನಿಯರ್ ಸಾರ್. ನಾನು ಕೈ ಮುಗಿದೆ. ಆ ವಾರವೇ ಮಳೆ ಹಿಡಿಯಿತು. ಮಳೆ ಬಿದ್ದರೆ ಮೇಲಿನ ಹೊಲಗಳ ಗೊಬ್ಬರ ಬಾವಿಗೆ ಇಳಿಯುತ್ತದೆ ಎಂಬುದು ಮನಸ್ಸಿಗೆ ಬಾರದೆ ಇರಲಿಲ್ಲ. ಬಂದಾಗಲೆಲ್ಲ, ಇನ್ನು ಅದು ನನ್ನ ಕೆಲಸವಲ್ಲ ಎಂದುಕೊಂಡು ಮಗ್ಗುಲು ಬದಲಿಸುತ್ತಿದ್ದೆ.

ಕರ್ಕಾಟಕ ಮಾಸದ, ಅಂದರೆ ಆಷಾಢದ, ಮಳೆ ಇನ್ನೂ ಬಿಟ್ಟಿರಲಿಲ್ಲ, ಪಶುವೈದ್ಯೆಯ ಫೋನು ಬಂತು. ಆ ಹಾಡಿಗೆ ಮೇಕೆಗಳಿಗೆ ಚುಚ್ಚುಮದ್ದು ಕೊಡಲು ಹೋಗಿದ್ದರಂತೆ. "ಸಾರ್, ನಿಮಗೆ ಯಾರಾದರೂ ಹೇಳಿದರೋ ಇಲ್ಲವೋ. ರಾಧೆಯ ಕೂಸು ಹೋಯಿತು. ಮೈಯೆಲ್ಲ ನೀಲಿಯಾಗಿತ್ತಂತೆ. ಮಾನಂತವಾಡಿ ಆಸ್ಪತ್ರೆಗೆ ಜೀಪಿನಲ್ಲಿ ಹೋಗುವಾಗ ದಾರಿಯಲ್ಲೇ." ಹಸುವಿನ ರಕ್ತದ ಬಣ್ಣ ಆಕೆಗೂ ಗೊತ್ತು, ನನಗೂ ಗೊತ್ತು.

ಎರಡು ದಿನ ಮನೆಯಲ್ಲಿ ಅನ್ನ ಸೇರಲಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ನನ್ನ ಬುದ್ಧಿಗೆ ಒಂದು ಕೂಸು ಬೇಕಾಯಿತು. ಮೂರನೆಯ ದಿನ ಬೆಳಿಗ್ಗೆ ಬಸ್ಸು ಹತ್ತಿದೆ. ಬಸ್ಸಿಳಿದು ಗದ್ದೆಯ ಬದುವಿನ ಮೇಲೆ ಕೊಡೆ ಹಿಡಿದು ನಡೆಯುವಾಗ ವಾಪಸು ಹೋಗಿಬಿಡೋಣ ಎಂದು ಎಷ್ಟು ಸಲ ಅನ್ನಿಸಿತೋ.

ಕೆಂಚಿ ಮನೆಯ ಹಿಂದೆ ಸೌದೆ ಸೀಳುತ್ತಿದ್ದಳು. ನನ್ನನ್ನು ನೋಡಿ ಕತ್ತಿ ಕೆಳಗಿಟ್ಟಳು. "ಬನ್ನಿ ಸಾರೆ" ಎಂದಳು. ಆ ಮರ್ಯಾದೆ ನನಗೆ ಹೊಡೆತಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಕೂರದೆ, ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಮುಚ್ಚಳ, ಉದ್ಘಾಟನೆ, ವರದಿಯ ನಾಲ್ಕು ಸಾಲು, ನನ್ನ ರುಜು. ನಲ್ಲಿಯ ನೀರು ಒಂದು ದಿನವೂ ಕೆಟ್ಟಿರಲಿಲ್ಲ, ಇವತ್ತೂ ಕೆಟ್ಟಿಲ್ಲ ಎಂದೆ.

"ನಾನು ಕಾಳು ಸರಿಯಾಗಿ ತೊಳೀಲಿಲ್ಲ ಅನ್ಕೊಂಡಿದ್ದೆ ಸಾರೆ. ಕಾಗದದಲ್ಲಿ ನನ್ನ ತಪ್ಪು ಅಂತ ಇತ್ತಲ್ಲ. ನಾನು ತೊಳೀದೆ ವಿಷ ಎಲ್ಲ ನಲ್ಲಿಗೇ ಬಂತು, ದನಕ್ಕೂ ಅದೇ ನೀರು ಇಡ್ತಿದ್ವಲ್ಲ, ಅದಕ್ಕೇ ಸತ್ತೊ ಅಂತ" ಎಂದಳು. "ರಾಧೆಗೆ ನಾನೇ ಹೇಳ್ದೆ. ನಲ್ಲಿ ನೀರು ಮುಟ್ಟಬೇಡ, ಬಾವಿ ನೀರೇ ಕಾಯ್ಸು ಅಂತ. ಅವಳಿಗೆ ರಕ್ತದ ಕಾಯಿಲೆ, ಎದೆಹಾಲು ಸಾಲ್ತಿರ್ಲಿಲ್ಲ. ಪುಡಿಹಾಲು ಕಲಸ್ತಿದ್ಲು."

"ಎಷ್ಟು ಹೊತ್ತು ಕಾಯಿಸ್ತಿದ್ಲು?" ಎಂ‌ದು ಕೇಳಿದೆ. ಕೇಳಬಾರದಿತ್ತು. ಕಸುಬಿನ ಚಟ.

"ಹೆದರಿಕೆ ಅಲ್ವಾ ಸಾರೆ. ಪಾತ್ರೆ ಅರ್ಧ ಆಗೋ ತನಕ ಕುದಿಸ್ತಿದ್ಲು."

ನನ್ನ ಮುಖವನ್ನು ನೋಡಿಯೇ ಅವಳಿಗೆ ಏನೋ ತಿಳಿಯಿತು. "ಅದೂ ತಪ್ಪಾ?" ಎಂದಳು. ಇನ್ನು ಸುಳ್ಳು ಹೇಳಬಾರದು ಎಂದು ತೀರ್ಮಾನಿಸಿ ಬಂದಿದ್ದೆನಲ್ಲ, ಅದನ್ನೂ ಹೇಳಿದೆ. ಕುದಿಸಿದಷ್ಟೂ ಹೆಚ್ಚಾಗುತ್ತದೆ ಎಂದೆ. ಇದನ್ನು ಮೊದಲೇ ಕಲಿಸಬೇಕಾಗಿದ್ದವನೂ ನಾನೇ ಎಂದೆ.

ಕೆಂಚಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದಳು. ಆಮೇಲೆ ಮುಖ ಒರೆಸಿಕೊಂಡು ನೆಟ್ಟಗೆ ನಿಂತಳು.

"ಆ ದಿನ ಚಪ್ಪರದಲ್ಲಿ ನಮ್ಮವ್ವ ಕೇಳಿದಾಗ ಇದನ್ನ ಹೇಳಿದ್ರೆ?"

"ಕೂಸು ಇರ್ತಿತ್ತು" ಎಂದೆ.

ಅವಳು ಬೈಯಲಿಲ್ಲ, ಬಾಗಿಲು ತೋರಿಸಲಿಲ್ಲ. "ಒಳಗೆ ಬನ್ನಿ. ರಾಧೆ ಮುಂದೆ ಹೇಳಿ, ನಿಮ್ಮ ತಪ್ಪು ಅಂತ ನಿಮ್ಮ ಬಾಯಲ್ಲೇ ಹೇಳಿ. ನಾನು ಹೇಳಿದ್ರೆ ನಂಬಲ್ಲ, ಅಕ್ಕ ಸಮಾಧಾನಕ್ಕೆ ಹೇಳ್ತಾಳೆ ಅಂತಾಳೆ" ಎಂದಳು. ಹೊಸಿಲಿನ ಹತ್ತಿರ ನನ್ನ ತೋಳು ಹಿಡಿದು ನಿಲ್ಲಿಸಿದಳು. "ಕುದಿಸಿದ ವಿಷಯ ಒಂದು ಹೇಳ್ಬೇಡಿ ಸಾರೆ. ಅದೊಂದು ಬೇಡ. ಅವಳು ಬದುಕಲ್ಲ."

ಒಳಗೆ ರಾಧೆ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಕಾಳಿ ಒಲೆಯ ಮುಂದಿದ್ದಳು. ನಾನು ನೆಲದ ಮೇಲೆ ಕೂತು, ಹೊರಗೆ ಹೇಳಿದ್ದನ್ನೆಲ್ಲ ಮತ್ತೆ ಹೇಳಿದೆ. ದನ ಸತ್ತದ್ದು ನನ್ನಿಂದ, ನಿಮ್ಮನ್ನು ಬಾವಿಗೆ ಅಟ್ಟಿದ್ದು ನಾನು, ನಿನ್ನ ಅಕ್ಕನದಲ್ಲ, ನಿನ್ನದಲ್ಲ ಎಂದೆ. ಕಾಳಿ ತಿರುಗಿ ನೋಡಲಿಲ್ಲ. ರಾಧೆ ಎಲ್ಲವನ್ನೂ ಕೇಳಿಸಿಕೊಂಡಳು. ಕೇಳಿಸಿಕೊಂಡು, ಬಹಳ ದಿನಗಳಿಂದ ಯಾರನ್ನಾದರೂ ಕೇಳಬೇಕೆಂದು ಇಟ್ಟುಕೊಂಡಿದ್ದ ಮಾತನ್ನು ಕೇಳಿದಳು.

"ಸಾರೆ, ನಾನು ಇನ್ನೂ ಒಸಿ ಹೊತ್ತು ಕುದಿಸ್ಬೇಕಿತ್ತಾ?"

ಕೆಂಚಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

"ಇಲ್ಲ ಮಗಳೇ" ಎಂದೆ. "ನೀನು ಕುದಿಸಿದ್ದು ಸರಿಯಾಗೇ ಇತ್ತು."